ಸ್ಟೋರ್ ರೂಮಿನ ಮ್ಯಾಟು

ಬೀದರಿನ ಕ್ರೀಡಾಂಗಣದಲ್ಲಿ ಹಾಸಿದ್ದ ಕಬಡ್ಡಿ ಮ್ಯಾಟಿನ ಅಂಚಿಗೆ ಬಂದ ಸಪನಾ ಚಪ್ಪಲಿ ಬಿಟ್ಟು, ಪಾದಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಕಾಲಿಟ್ಟಳು. ಹಾಸಿದ್ದರ ಮೇಲೆ ಚಪ್ಪಲಿ ಮೆಟ್ಟಿಕೊಂಡು ನಡೆಯುವುದು ಅವಳ ಮನೆಯಲ್ಲಿ ಇರಲಿಲ್ಲ.

"ಏ ಔರಾದ ಹುಡುಗಿ, ಶೂ ಎಲ್ಲಿ?" ಆಟಗಾರ್ತಿಯರನ್ನು ಆರಿಸಲು ಬಂದಿದ್ದ ಸಾಹೇಬರು ಕೂಗಿದರು.

"ಇಲ್ಲರಿ ಸರ್. ನಾವು ಮಣ್ಣಾಗ ಆಡೋರು."

"ಶೂ ಇಲ್ದ ಇದರ ಮ್ಯಾಲ ಆಡಸಂಗಿಲ್ಲವ್ವ."

ಭಾಲ್ಕಿಯ ಹುಡುಗಿಯೊಬ್ಬಳು ತನ್ನ ಶೂ ಬಿಚ್ಚಿಕೊಟ್ಟಳು. ಬೆರಳಗಲ ದೊಡ್ಡವು. ಮೊದಲ ರೇಡಿನಲ್ಲಿ ಹೊರಳುವಾಗ ಕಾಲು ಶೂನೊಳಗೇ ತಿರುಗಿ ಸಪನಾ ಬಿದ್ದಳು. ಎರಡನೆಯದರಲ್ಲೂ ಬಿದ್ದಳು. ಕಾಲೇಜಿನ ಅಂಗಳದಲ್ಲಿ ಏಳು ಜನರ ನಡುವಿನಿಂದ ಮೀನಿನಂತೆ ನುಸುಳಿ ಬರುತ್ತಿದ್ದವಳು. ಆಯ್ಕೆಯಾದವರನ್ನು ಸರ್ಕಾರ ಬೀದರಿನಲ್ಲೇ ಇಟ್ಟುಕೊಂಡು, ಊಟ, ವಸತಿ, ಓದು ಎಲ್ಲ ನೋಡಿಕೊಂಡು ಆಡಿಸುವುದಿತ್ತು. ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಔರಾದದ ಬಸ್ಸಿನಲ್ಲಿ, ಅವಳನ್ನು ಕರೆತಂದಿದ್ದ ಕಾಲೇಜಿನ ಆಟದ ಮಾಸ್ತರ ಮಚ್ಛೇಂದ್ರ ಅವಳ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದಲ್ಲಿದ್ದವನು ಸಂತಪುರದ ಕಿರಾಣಿ ಅಂಗಡಿಯ ಶರಫೋದ್ದೀನ. ಪೇಪರು ಮಡಚಿ ಅವನು ಶುರುಮಾಡಿದ.

"ಮಾಸ್ತರ್, ಟಿವ್ಯಾಗ ಆಡೋ ಕಬಡ್ಡಿ ಕಂಪನಿಗೂ ಸರ್ಕಾರ ರೊಕ್ಕ ಕೊಡಬೇಕಂತ, ಕಾಲೇಜ್ ಟೀಮಿಗೂ ಕೊಡಬೇಕಂತ. ಇಲ್ಲಿ ಸಾಲಿ ಛತ್ತು ಸೋರ್ಲಿಕತ್ತದ. ಕುಣಿಯೋರಿಗಿ ಯಾಕ್ರಿ ಸರ್ಕಾರದ ರೊಕ್ಕ?"

ಬೇರೆ ದಿನವಾಗಿದ್ದರೆ ಮಚ್ಛೇಂದ್ರ ಬಿಡುತ್ತಿರಲಿಲ್ಲ. ಕಂಪನಿಯವರ ಮಾತು ಬೇರೆ, ನಮ್ಮ ಮಕ್ಕಳಿಗೆ ಸರ್ಕಾರ ಕೊಡದೆ ಇನ್ಯಾರು ಕೊಡಬೇಕು ಎಂದು ವರ್ಷಗಟ್ಟಲೆ ಅರ್ಜಿ ಬರೆದವನು ಅವನೇ. ಇಂದು ಕಿಟಕಿಯಾಚೆ ನೋಡಿದ. ಬಸ್ಸು ಜನವಾಡ ದಾಟಿತು.

"ಯಾಕ, ನನ್ನ ಮಾತು ಖರೆ ಅನಸ್ತೇನ್ರಿ?" ಶರಫೋದ್ದೀನ ನಕ್ಕ. "ದಿನಾ ಜಗಳಾಡೋರು ಇವತ್ತ ಉಪಾಸ ಹಿಡದೀರಿ."

"ಸರ್ಕಾರ ಕೊಟ್ಟದರಿ, ಭಾಯಿ." ಮಚ್ಛೇಂದ್ರ ಮುಂದಿನ ಸೀಟಿನ ಜಡೆಯನ್ನೇ ನೋಡುತ್ತ ಹೇಳಿದ. "ನಮ್ಮ ಕಾಲೇಜಿಗಿ ಮ್ಯಾಟು ಬಂದು ಎರಡು ವರ್ಷ ಆತು. ಅದರ ಜೋಡಿ ಶೂ ಭೀ ಬಂದಾವ. ಹರದ್ರ ಜವಾಬು ಯಾರು ಕೊಡಬೇಕಂತ ಸ್ಟೋರ್ ರೂಮಿನಾಗ ಇಟ್ಟು ನಾನೇ ಕೀಲಿ ಹಾಕೇನಿ. ಸೆಲೆಕ್ಷನ್ ಪ್ರತಿ ವರ್ಷಾ ಮಣ್ಣಾಗೇ ಆಗ್ತಿತ್ತು. ಈ ಸಲಾನೂ ಹಂಗೇ ಅಂದಕೊಂಡಿದ್ದೆ."

ಶರಫೋದ್ದೀನ ನಗು ನಿಲ್ಲಿಸಿದ. ಮಡಚಿದ ಪೇಪರನ್ನು ಮತ್ತೆ ಬಿಚ್ಚಿ ಮುಖಕ್ಕೆ ಹಿಡಿದುಕೊಂಡ.

ಸಪನಾ ತಿರುಗಿದಳು. ಕಣ್ಣು ಒಣಗಿದ್ದವು. "ಸ್ಟೋರ್ ರೂಮಿನಾಗ ತಾಡಪತ್ರಿ ಸುತ್ತಿಟ್ಟಿದ್ದು, ಅದೇ ಏನ್ರಿ ಸರ್? ನಾವು ಶಾಮಿಯಾನಾದ ಸಾಮಾನು ಅಂತ ತಿಳದಿದ್ದೆವು."

"ಅದೇವ್ವ."

"ಹೌದ್ರಿ?" ಎಂದು ಅವಳು ಮತ್ತೆ ಕಿಟಕಿಯ ಕಡೆ ಹೊರಳಿದಳು. ತನ್ನೂರು ಸಂತಪುರದಲ್ಲಿ ಇಳಿಯುವಾಗಲೂ, ಯಾವತ್ತಿನಂತೆ, "ಬರ್ತೇನಿರಿ ಸರ್" ಅಂದಳು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಮಚ್ಛೇಂದ್ರನಿಗೆ.

ಮರುದಿನ ಬೆಳಿಗ್ಗೆ ಅವನು ಯಾರನ್ನೂ ಕೇಳದೆ ಕಾಲೇಜಿನ ಸ್ಟೋರ್ ರೂಮಿನ ಬೀಗ ತೆಗೆದ. ಸಭಾಂಗಣದ ಕುರ್ಚಿಗಳನ್ನು ಗೋಡೆಗೆ ಸರಿಸಿ, ಮ್ಯಾಟಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಶೂ ಡಬ್ಬಿಗಳನ್ನು ಬಾಗಿಲ ಬಳಿ ಇಟ್ಟ. ಸೊಂಟ ಹಿಡಿದುಕೊಂಡಿತು. ಹುಡುಗಿಯರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತರು.

"ಶೂ ಹಾಕ್ಕೊಂಡೇ ಬರ್ರಿ. ಹರದ್ರ ಹರೀಲಿ."

ಸಪನಾ ಎಲ್ಲರಿಗಿಂತ ಕೊನೆಗೆ ಡಬ್ಬಿ ತೆರೆದು, ಶೂನೊಳಗೆ ತುರುಕಿದ್ದ ಕಾಗದ ಎಳೆದುಹಾಕಿದಳು. ಅಳತೆ ಸರಿಯಾಗಿತ್ತು. ಲೇಸು ಬಿಗಿದು ಮ್ಯಾಟಿನ ಅಂಚಿಗೆ ಬಂದಳು. ಅಲ್ಲಿ ನಿಂತು, ಒಂದು ಕಾಲೆತ್ತಿ, ಮಣ್ಣೇ ಸೋಕದ ಆ ತಳವನ್ನು ಅಂಗೈಯಿಂದ ಒರೆಸಿದಳು.