ಅಂಜೂರದ ಬುಟ್ಟಿಯ ನುಂಜಿಯೋ

ತಕ್ಕಡಿಗೆ ಹಾಕಿದರೆ ಐವತ್ತು ಕಿಲೋ ಮೀರದ ಜೀವ. ಫೆಬ್ರವರಿಯ ಬೇಗೆಯಲ್ಲೂ ಕಳಚದ ಆ ಕಂದು ಉಣ್ಣೆಯ ಕೋಟನ್ನು ಕಳೆದರೆ ಇನ್ನೂ ಕಡಿಮೆಯೇ. ಸೊಪ್ಪಾಗಿದ್ದರೆ ಬಾಡಿದೆಯೆಂದು ಬದಿಗಿಡುತ್ತಿದ್ದೆ. ಆದರೆ ಮೆಲ್ಬರ್ನಿನ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮುದುಕ ನುಂಜಿಯೋ ಎಡಗಾಲನ್ನು ತುಸು ಎಳೆಯುತ್ತ ನಡೆದು ಬಂದರೆ ಫೋರ್ಕ್‌ಲಿಫ್ಟ್‌ಗಳು ತಾವಾಗಿ ನಿಲ್ಲುತ್ತಿದ್ದವು, ಚೌಕಾಸಿಯ ಗದ್ದಲ ಪಿಸುಮಾತಿಗೆ ಇಳಿಯುತ್ತಿತ್ತು. ಬೆಲೆ ಕಟ್ಟಲಾಗದ ಸರಕಿನಿಂದ ದೂರವಿರಬೇಕೆಂಬುದು ನನ್ನ ವ್ಯಾಪಾರದ ನಿಯಮ. ಇವರಿಂದ ಮಾತ್ರ ದೂರವಿರಲಾಗಲಿಲ್ಲ. ಬೆಳಗಿನ ಕಾಫಿಗೆ ಅವರು ಕೂರುತ್ತಿದ್ದದ್ದೇ ನನ್ನ ಪಕ್ಕದಲ್ಲಿ.

ಕೂತರೆ ತಮ್ಮವರ ಚರಿತ್ರೆ. ಅಮೆರಿಕದ ಒಂದು ಉಕ್ಕಿನ ಪಟ್ಟಣದಲ್ಲಿ ಅವರ ಅಜ್ಜ ಮನೆಮನೆಗೆ ಮಂಜುಗಡ್ಡೆ ಮಾರುತ್ತಿದ್ದದ್ದು, ಇಟಲಿಯ ಒಂದೇ ಹಳ್ಳಿಯಿಂದ ಬಂದ ಕೆಲವು ಮನೆಯವರು ಕೂಡಿ ಮೊದಲು ಮಂಜುಗಡ್ಡೆಯನ್ನು, ಆಮೇಲೆ ಜೂಜನ್ನು, ಆಮೇಲೆ ಲಾರಿಗಳನ್ನು ಕೈವಶ ಮಾಡಿಕೊಂಡದ್ದು, ಪೊಲೀಸರ ಕಣ್ಣು ಬಿದ್ದಾಗ ಹದಿಹರೆಯದ ನುಂಜಿಯೋವನ್ನು ಮೆಲ್ಬರ್ನಿನ ನೆಂಟರ ಕೂಟಕ್ಕೆ ಸೇರಲು ಹಡಗು ಹತ್ತಿಸಿದ್ದು, ಎಲ್ಲವನ್ನೂ ಪುರೋಹಿತರು ಗೋತ್ರಪ್ರವರ ಒಪ್ಪಿಸುವ ಗಾಂಭೀರ್ಯದಲ್ಲಿ ಹೇಳುತ್ತಿದ್ದರು. ಯಾರನ್ನೂ ಸತ್ತರೆನ್ನುತ್ತಿರಲಿಲ್ಲ, 'ಸಿಡ್ನಿಗೆ ಹೋದ' ಎನ್ನುತ್ತಿದ್ದರು. ನನ್ನ ಮಗ ಪ್ರತೀಕ್ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಕೊಂಡನೆಂದು ಹೇಳಿದ ದಿನ ಟೋಪಿ ತೆಗೆದು ನನ್ನನ್ನೇ ದಿಟ್ಟಿಸಿದರು. ನಕ್ಕರೋ ಎಂದು ನೋಡಿದೆ, ನಕ್ಕಿರಲಿಲ್ಲ.

ಆ ಬೇಸಗೆಯ ಕೊನೆಗೆ ಊರಂಚಿನ ಕ್ಲೈಡ್ ನಾರ್ತ್‌ನ ನಮ್ಮ ತರಕಾರಿ ಅಂಗಡಿಗೆ ಅವರ ಕೂಟದಿಂದ ಬೆತ್ತದ ಬುಟ್ಟಿಯ ತುಂಬ ಅಂಜೂರ ಬಂತು. ಬುಟ್ಟಿ ಒಯ್ಯಲು ಆಳು ಬಂದಾಗ ನಾನಿರಲಿಲ್ಲ. ನನ್ನ ಹೆಂಡತಿ ಕುಸುಮಾವತಿ ಉಡುಪಿಯವಳು. ಏನೋ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸುವುದು ಅವಳ ಪಾಲಿಗೆ ಅಮಂಗಳ. ಚಕ್ಕುಲಿ, ಬಾಳೆಹಣ್ಣು, ಮೇಲೊಂದು ತೆಂಗಿನಕಾಯಿ ಇಟ್ಟು ಕಳಿಸಿದ್ದಳು.

ಮರುದಿನ ನುಂಜಿಯೋ ಅವರ ಸೋದರಳಿಯ ಕಾರ್ಮೈನ್ ಬಂದು ನನ್ನ ಕೋಲ್ಡ್ ರೂಮಿನ ಬೀಗದಕೈ ಕೇಳಿದ. ಅವರಲ್ಲಿ ಬುಟ್ಟಿ ಖಾಲಿ ಮರಳಿದರೆ 'ಒಲ್ಲೆ' ಎಂದರ್ಥವಂತೆ, ಮತ್ತೆ ಯಾರೂ ಕೇಳುವುದಿಲ್ಲವಂತೆ; ತುಂಬಿ ಮರಳಿದರೆ 'ನಿಮ್ಮವನಾದೆ' ಎಂದರ್ಥವಂತೆ. ಇನ್ನು ಮುಂದೆ ಅವರ ಕೆಲವು ಪೆಟ್ಟಿಗೆಗಳು ನನ್ನ ಬೆಂಡೆ-ಬದನೆಗಳ ಹಿಂದೆ ಇರುತ್ತವಂತೆ, ನಾನು ತೆರೆದು ನೋಡಬಾರದಂತೆ. ನಾನು ತೊದಲಿದೆ. ಅವನು ಮೃದುವಾಗಿಯೇ ನನ್ನನ್ನು ಕೋಲ್ಡ್ ರೂಮಿನೊಳಕ್ಕೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ. ಕತ್ತಲಲ್ಲಿ ಕೊತ್ತಂಬರಿಯ ವಾಸನೆ, ನನ್ನದೇ ಹಲ್ಲುಗಳ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದವನು ನನ್ನ ಕಾಲರ್ ಸರಿಮಾಡಿ, ಬೀಗದಕೈ ಶುಕ್ರವಾರ ಮಾರುಕಟ್ಟೆಗೆ ತಾ ಎಂದು ಹೇಳಿ ಹೋದ. ಕೊಟ್ಟರೆ ಜೈಲು, ಕೊಡದಿದ್ದರೆ ಸಿಡ್ನಿ.

"ಖಾಲಿ ಬುಟ್ಟಿ ಕೊಡುದು ಹೇಗೆ ಮಾರಾಯ್ರೆ?" ಎಂದಳು ಕುಸುಮಾವತಿ. "ಆ ರೌಡಿಗಳಿಗೆ ಅಷ್ಟು ಮರ್ಯಾದೆ ಗೊತ್ತಿಲ್ಲದಿದ್ರೆ ಅದು ನನ್ನ ತಪ್ಪಾ? ಆ ಅಜ್ಜೇರ ಹತ್ರ ನಾನೇ ಮಾತಾಡ್ತೇನೆ."

ಅವತ್ತೇ ಮುದುಕರ ಮನೆಗೆ ಹೋದೆವು. ಅವಳ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ನುಂಜಿಯೋ ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: ಬುಟ್ಟಿ ಶತ್ರುವಿನದಾಗಿದ್ದರೆ?

"ಯಾರದ್ದಾದ್ರೂ ಅಷ್ಟೇ. ಒಂದು ಚಿಟಿಕೆ ಸಕ್ಕರೆಯಾದ್ರೂ ಹಾಕ್ಬೇಕು."

ಅವರು ಕಣ್ಣು ಮುಚ್ಚಿದರು. ಆಮೇಲೆ ಎದ್ದು ನಮಗೆ ಹೊರಡಲು ಬಾಗಿಲು ತೆರೆದರು. ಹೋಗುವಾಗ ಇದ್ದ ಭಯದ ಜೊತೆಗೆ ಇನ್ನಷ್ಟನ್ನು ಹೊತ್ತು ಮರಳಿದೆವು.

ಶುಕ್ರವಾರ ಮಾರುಕಟ್ಟೆಯಲ್ಲಿ ಕಾರ್ಮೈನ್ ನನ್ನೆದುರು ಕೈಚಾಚಿ ನಿಂತಿದ್ದಾಗ ಅವರು ಕಾಲೆಳೆಯುತ್ತ ಬಂದು ನಮ್ಮ ನಡುವೆ ನಿಂತರು. "ಆ ಹೆಂಗಸಿನ ಹತ್ತಿರ ತಿಂಡಿ ಬೇಡಿದವನು ನಾನು," ಎಂದರು, ಎಲ್ಲರಿಗೂ ಕೇಳುವಂತೆ. "ಬುಟ್ಟಿಯಲ್ಲಿದ್ದದ್ದು ನನ್ನ ಪಾಲಿನದು. ಕೂಟದ ಲೆಕ್ಕಕ್ಕೆ ಬುಟ್ಟಿ ಖಾಲಿಯೇ ಬಂದಿದೆ."

ಸುಳ್ಳೆಂದು ಕಾರ್ಮೈನ್‌ಗೂ ಗೊತ್ತು, ಅಲ್ಲಿದ್ದ ಅವರ ಕೂಟದವರಿಗೆಲ್ಲ ಗೊತ್ತು. ಹಿರಿಯನ ಮಾತನ್ನು ಎದುರೆದುರೇ ಅಲ್ಲಗಳೆಯುವ ಕ್ರಮ ಅವರಲ್ಲಿಲ್ಲ. ತಮ್ಮವರಿಗೆ ಸುಳ್ಳು ಹೇಳಿದವನ ಜೊತೆ ಕೂತು ಉಣ್ಣುವ ಕ್ರಮವೂ ಇಲ್ಲ. ಚಾಚಿದ ಕೈಯನ್ನು ಕಿಸೆಗೆ ಇಳಿಸಿ ಅವನು ಹೊರಟುಹೋದ. ಅಂದಿನಿಂದ ಅವರ ಪೈಕಿ ಒಬ್ಬರೂ ಮುದುಕರ ಮೇಜಿನತ್ತ ಸುಳಿದಿಲ್ಲ. ನಾನು ಕೂರಲು ಹೋದರೆ ಅವರೇ ಬೆರಳೆತ್ತಿ ಬೇಡವೆನ್ನುತ್ತಾರೆ. ಅವರ ನೆರಳು ಈಗ ನನಗೆ ಒಳ್ಳೆಯದಲ್ಲ.

ಇಂಥವರನ್ನು ಸಜ್ಜನರೆಂದು ಮಾರುವುದು ನನ್ನಿಂದಾಗದು. ಅವರ ಚರಿತ್ರೆಯ ಉದ್ದಕ್ಕೂ ಯಾರದೋ ಮನೆಯ ಅಳು ಅಂಟಿಕೊಂಡಿದೆ. ಭಯ ಹುಟ್ಟಿಸುವುದನ್ನೇ ಬದುಕಾಗಿಸಿಕೊಂಡ ಈ ಕುಲದವರಿಗೆ ದಯೆಯ ದಾರಿ ಸುಲಭವಾಗಿ ಸಿಗುವುದಿಲ್ಲ. ಎಂದಾದರೊಮ್ಮೆ ಸಿಕ್ಕಿದರೆ, ತಮ್ಮ ನಿಯಮವನ್ನು ತಾವೇ ಮುರಿದು ಅದರ ಶಿಕ್ಷೆಯನ್ನೂ ತಾವೇ ಹೊರಬೇಕಾಗುತ್ತದೆ. ನನಗೆ ನುಂಜಿಯೋ ಅವರ ಭಯ ಇಂದಿಗೂ ಹೋಗಿಲ್ಲ. ಅವರು ಹೇಳಿದ ಆ ಒಂದು ಸುಳ್ಳಿಗೆ ನಾನು ಋಣಿ.