ಸುಮ್ಮನಿದ್ದ ಕೈ ಮಾತಾಡಿದ ದಿನ

ನಾನು ಒಂದು ಆಂಪ್ಲಿಫೈಯರ್. ಊಟದ ಡಬ್ಬಿಯಷ್ಟು ಗಾತ್ರ, ಮೂತಿಗೊಂದು ಪುಟ್ಟ ಸ್ಪೀಕರ್. ನರ, ಸ್ನಾಯುಗಳಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿ ಎಲ್ಲರಿಗೂ ಕೇಳಿಸುವುದು ನನ್ನ ಕಸುಬು. ನನ್ನನ್ನು ಕಟ್ಟಿದವರು ಧಾರವಾಡದ ಜೀವಶಾಸ್ತ್ರಜ್ಞೆ ತಾರಿಣಿ ಜಾಲಿಹಾಳ. ಅವರಿಗೆ ಬೆಸುಗೆ ಹಾಕಲು ಕಲಿಸಿದವರು ಇಂಜಿನಿಯರಿಂಗ್ ಮೇಷ್ಟ್ರು ಗುರುಪಾದ ಅಂಗಡಿ. ಬೆರಳು ಸುಟ್ಟುಕೊಂಡು ಮೇಡಂ "ಅಯ್ಯವ್ವಾ!" ಎಂದದ್ದೇ ನಾನು ಕೇಳಿದ ಮೊದಲ ಮಾತು.

ಪಾಪ, ಮೇಡಂ ಪಟ್ಟ ಪಾಡು ಒಂದೆರಡಲ್ಲ. ಜಿರಳೆಯ ಕಾಲನ್ನು ನರ ಹೇಗೆ ಆಡಿಸುತ್ತದೆಂದು ತಿಳಿದರೆ ಕೈಕಾಲು ಬಿದ್ದವರಿಗೆ ಯಂತ್ರ ಕಟ್ಟಬಹುದೆಂಬುದು ಅವರ ಹಟ. ಪ್ರಾಣಿಶಾಸ್ತ್ರದವರು "ಇಕಿ ರೇಡಿಯೋ ರಿಪೇರಿಗೆ ಹೊಂಟಾಳ" ಎಂದು ನಕ್ಕರು. ಇಂಜಿನಿಯರುಗಳು ಜಿರಳೆಯ ನೆಪದಲ್ಲಿ "ಜೊಂಡಿಗದ ಮೇಡಂ ಬಂದ್ರು" ಎಂದರು. ಬಡ್ತಿಯ ಸಂದರ್ಶನದಿಂದ ಎರಡು ಸಲ ಬರಿಗೈಲಿ ಬಂದರು. ಮೂರನೆಯ ಸಲ ನನ್ನನ್ನೂ ಬಗಲಲ್ಲಿಟ್ಟುಕೊಂಡು ಹೋಗಿ, ಎದುರು ಕೂತ ಹಿರಿಯರೊಬ್ಬರ ತೋಳಿಗೇ ತಂತಿ ಅಂಟಿಸಿ "ಮುಷ್ಟಿ ಬಿಗೀರಿ ಸರ್" ಎಂದರು. ನಾನು ಬರ್ರ್ ಎಂದು ಅಬ್ಬರಿಸಿದೆ. ಆತ ಕುರ್ಚಿಯಿಂದ ಬೀಳುವುದೊಂದು ಬಾಕಿ! ಅಂತೂ ಮೇಡಂ ಪ್ರೊಫೆಸರ್ ಆದರು.

ಪ್ರಯೋಗಕ್ಕೆ ಮುಂಚೆ ನನ್ನನ್ನು ತಮ್ಮ ತೋಳಿನ ಮೇಲೇ ಪರೀಕ್ಷಿಸುವುದು ಅವರ ಪದ್ಧತಿ. ಕೈ ಸಡಿಲ ಬಿಟ್ಟರೆ ನಾನು ಗಪ್‌ಚಿಪ್, ಮುಷ್ಟಿ ಬಿಗಿದರೆ ಅಬ್ಬರ. ಅವತ್ತು ತುಂಬಿದ ತರಗತಿಯಲ್ಲಿ ಮೇಡಂ ಕೈಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರು. ನಾನು ಟಪ್ ಎಂದೆ. ಮತ್ತೆ ಟಪ್, ಟಪ್. ನನಗೇ ಗಾಬರಿ. ಸುಮ್ಮನಿದ್ದ ಕೈ ಮಾತಾಡುವುದುಂಟೇ?

"ಹಾಳಾದ ಪೆಟಗಿ! ಹುಡುಗರ ಮುಂದ ಮಾನ ಕಳೀತು ನೋಡ್ರಿ," ಎಂದು ಮೇಡಂ ಅಂಗಡಿಯವರನ್ನು ಕರೆಸಿದರು. ಅವರು ನನ್ನ ಹೊಟ್ಟೆ ಬಿಚ್ಚಿ ತಂತಿ ಬದಲಿಸಿದರು, ಬ್ಯಾಟರಿ ಬದಲಿಸಿದರು. ಮತ್ತೆ ಟಪ್. ಕೊನೆಗೆ ತಮ್ಮ ತೋಳಿಗೇ ಹಚ್ಚಿಕೊಂಡರು. ನನ್ನಲ್ಲಿ ಸದ್ದಿಲ್ಲ. ಮೇಡಂ ತೋಳಿಗೆ ಹಚ್ಚಿದರೆ, ಟಪ್.

"ಪೆಟಗಿ ಛಲೋ ಐತ್ರೀ ಮೇಡಂ," ಎಂದು ಅಂಗಡಿಯವರು ತಂತಿ ಸುತ್ತಿಡತೊಡಗಿದರು.

ಮೇಡಂ ತಮ್ಮ ಕೈಯನ್ನೇ ನೋಡಿದರು. ಕೆಲವು ವಾರಗಳಿಂದ ಅದೇ ಕೈಯಿಂದ ಸೀಮೆಸುಣ್ಣ ಜಾರುತ್ತಿತ್ತು. ಅವರು ಸುಣ್ಣಕ್ಕೆ ಬೈಯುತ್ತಿದ್ದರು. ನರ ಸಾಯತೊಡಗಿದಾಗ ಸ್ನಾಯು ತಾನಾಗಿ ಮಿಡುಕುತ್ತದೆಂದು ವರ್ಷಗಟ್ಟಲೆ ಪಾಠ ಹೇಳಿದವರು ಅವರೇ. ಅಯ್ಯೋ, ಆ ಹೊತ್ತು ನಾನು ನಿಜಕ್ಕೂ ಕೆಟ್ಟಿರಬಾರದಿತ್ತೇ! ಆಸ್ಪತ್ರೆಯವರೂ ನರ ಸಾಯುತ್ತಿದೆಯೆಂದೇ ಹೇಳಿದರು.

ಕೈ ಹೋಯಿತು, ಕಾಲು ಹೋಯಿತು, ಮಾತೂ ನಿಂತಿತು. ಈಗ ನಾನು ಬಣ್ಣ ಕಿತ್ತುಹೋದ ಮುದಿ ಪೆಟ್ಟಿಗೆ, ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಇದ್ದೇನೆ. ನನ್ನ ತಂತಿಗಳು ಅವರ ಹುಬ್ಬಿನ ಮೇಲಿವೆ. ಎದುರಿನ ಕಂಪ್ಯೂಟರ್ ಪರದೆಯಲ್ಲಿ ಅಕ್ಷರಗಳು ಸರಿಯುತ್ತವೆ. ಬೇಕಾದದ್ದು ಬಂದಾಗ ಮೇಡಂ ಹುಬ್ಬು ಏರಿಸುತ್ತಾರೆ, ನಾನು ಟಪ್ ಎನ್ನುತ್ತೇನೆ, ಅಕ್ಷರ ನಿಲ್ಲುತ್ತದೆ. ಬೇರೆಯವರಿಗೆಂದು ಅವರು ಕಟ್ಟಿದ್ದ ಯಂತ್ರ ಇದೇ.

ಮೊದಲ ದಿನ ಅಂಗಡಿಯವರು ಪರದೆ ನೋಡುತ್ತ ನಿಂತಿದ್ದರು. ನೀರು ಕೇಳುತ್ತಾರೋ, ಮಾತ್ರೆ ಕೇಳುತ್ತಾರೋ ಎಂದುಕೊಂಡಿದ್ದರು. ಬಹಳ ಹೊತ್ತಿನ ಮೇಲೆ ಮೂಡಿದ್ದು ಇಷ್ಟು: "ಪೆಟಗಿಗೆ ಬೈದಿದ್ದೆ. ತಪ್ಪಾತು."

ಅಂಗಡಿಯವರು ಗಳಗಳನೆ ಅತ್ತುಬಿಟ್ಟರು. ಬಿಡಿ ಮೇಡಂ ಎನ್ನಬೇಕೆಂದು ನನಗೂ ಆಸೆಯಾಯಿತು. ಆದರೆ ಅವರ ಹುಬ್ಬು ಏಳುವ ತನಕ ನನಗೆ ಸ್ವಂತ ಮಾತಿಲ್ಲವಲ್ಲ.