ಹೆರಿಗೆ ವಾಡೆ

ನಾನು ಗದಗಿನ ಒಂದು ವಾಡೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಊರಿಗೆ ರೈಲು ಬಂದ ಹೊಸತರಲ್ಲಿ ಹುಟ್ಟಿದೆ. ಕಟ್ಟಿಸಿದವರು ಹತ್ತಿ ವ್ಯಾಪಾರಿ ಅಂದಾನೆಪ್ಪನವರು. ಸುತ್ತಲಿನ ಎರೆಹೊಲಗಳ ಹತ್ತಿ ಅವರ ಅಂಗಡಿಯಿಂದಲೇ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿಯ ಸಾಹುಕಾರರ ಬಂಗಲೆಗಳನ್ನು ನೋಡಿ ಬಂದವರೇ ಅಂಥದ್ದೊಂದು ತಮ್ಮೂರಿನಲ್ಲೂ ಏಳಬೇಕೆಂದು ಹಟ ಹಿಡಿದರು.

ನಾನು ಚೆಂದವಾಗಿದ್ದೇನೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಮುಂಭಾಗದಲ್ಲಿ ಎರಕದ ಕಬ್ಬಿಣದ ಕಂಬಗಳು, ಆಳೆತ್ತರದ ಕಮಾನು ಕಿಟಕಿಗಳು, ಅವುಗಳ ನೆತ್ತಿಯಲ್ಲಿ ಬಣ್ಣದ ಗಾಜು. ಈ ವೈಭವವೆಲ್ಲ ದಿವಾಣಖಾನೆಗೆ. ಅಲ್ಲಿ ವ್ಯಾಪಾರಿಗಳು, ಹತ್ತಿ ಕಂಪನಿಯ ಬಿಳಿಯ ಏಜೆಂಟರು ಕೂರುತ್ತಿದ್ದರು. ಹಿಂದೆ ದಪ್ಪ ಮಣ್ಣಿನ ಗೋಡೆಗಳು, ಹೊಗೆ ಹಿಡಿದ ಅಡುಗೆಮನೆ, ಕಿಟಕಿಯಿಲ್ಲದ ಖೋಲಿಗಳು. ಅದು ಹೆಂಗಸರ ಜಾಗ. ನಡುವಿನ ತೇಗದ ಬಾಗಿಲಿಗೆ ಅಗುಳಿ ಇದ್ದದ್ದು ದಿವಾಣಖಾನೆಯ ಬದಿಗೆ ಮಾತ್ರ.

ಅಂದಾನೆಪ್ಪನವರ ಒಬ್ಬಳೇ ಮಗಳು ಗಿರಿಜವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಗಿನ ರೂಢಿಯಂತೆ ಅವಳನ್ನು ಹಿಂದಿನ ಕತ್ತಲ ಖೋಲಿಯಲ್ಲಿ ಮಲಗಿಸಿದರು. ಗಾಳಿ ಸೋಕಬಾರದೆಂದು ಬಾಗಿಲು ಮುಚ್ಚಿದರು. ಒಳಗೆ ಅಗ್ಗಿಷ್ಟಿಕೆಯ ಹೊಗೆ. ನಡುಮಧ್ಯಾಹ್ನ ನೋವು ಬಿಗಡಾಯಿಸಿತು. "ಅವ್ವಾರ, ನನಗ ನನ್ನ ಕೈನ ಕಾಣವಲ್ದು," ಎಂದಳು ಸೂಲಗಿತ್ತಿ. ಮಗಳನ್ನು ಬೆಳಕಿಗೆ ಒಯ್ಯಲೆಂದು ತಾಯಿ ನೀಲಗಂಗವ್ವ ತೇಗದ ಬಾಗಿಲು ಬಡಿದರು. ಆಚೆ ಅತಿಥಿಗಳ ಊಟ ನಡೆದಿತ್ತು. ಅಗುಳಿ ತೆಗೆಯಲು ಯಾರೂ ಏಳಲಿಲ್ಲ. ಊಟ ಮುಗಿದು ಬಾಗಿಲು ತೆರೆಯುವ ಹೊತ್ತಿಗೆ ಗಿರಿಜವ್ವನೂ ಇರಲಿಲ್ಲ, ಮಗುವೂ ಇರಲಿಲ್ಲ.

ಕೆಲವು ದಿನಗಳ ಮೇಲೆ ನೀಲಗಂಗವ್ವ ಆ ಹೊಸಿಲು ದಾಟಿ ಬಂದು, ಏಜೆಂಟ್ ಸಾಹೇಬನ ಮಖಮಲ್ಲಿನ ಕುರ್ಚಿಯಲ್ಲಿ ಕೂತರು. ಅಂದಾನೆಪ್ಪನವರು ಹತ್ತಿಯ ದಲ್ಲಾಳಿಗಳ ಜೊತೆ ಮಾತಿನಲ್ಲಿದ್ದರು. ದಲ್ಲಾಳಿಗಳು ಮೆಲ್ಲನೆ ಎದ್ದು ಹೋದರು.

"ಇಲ್ಲಿ ಎಷ್ಟ ಬೆಳಕ ಐತಿ," ಎಂದರು ನೀಲಗಂಗವ್ವ. "ಇಷ್ಟು ಕಿಡಕ್ಯಾಗ ನನ್ನ ಮಗಳಿಗೆ ಒಂದು ಸಿಗಲಿಲ್ಲ."

"ಹಣೇಬಾರ. ನೀ ಒಳಗ ನಡಿ."

"ನಡಿಯಾಂಗಿಲ್ರಿ. ಈ ದಿವಾಣಖಾನಿ ಬಾಣಂತೇರಿಗೆ ಬಿಟ್ಟುಕೊಡ್ರಿ."

"ಮಂದಿ ಏನಂದಾರು?"

"ಮಂದಿ ನೋಡ್ಲಿ ಅಂತ ಕಟ್ಟಿಸಿದ್ರಿ, ನೋಡಿದ್ದಾತು. ಈಗ ನಾ ಹೇಳಿದ್ದು ಕೇಳ್ರಿ."

ನೀಲಗಂಗವ್ವ ಊಟಕ್ಕೂ ಏಳಲಿಲ್ಲ. ಸಂಜೆಯವರೆಗೆ ಅಂದಾನೆಪ್ಪನವರು ನನ್ನ ಕಂಬಗಳ ನಡುವೆ ಶತಪಥ ತಿರುಗಿದರು. ಕೊನೆಗೆ ಬಡಿಗನನ್ನು ಕರೆಸಿ ತೇಗದ ಬಾಗಿಲನ್ನು ಕಿತ್ತು ತೆಗೆಸಿದರು. ಆಮೇಲೆ ಆ ಚೌಕಟ್ಟಿಗೇ ತಲೆಯಾನಿಸಿ ಅತ್ತರು.

ದಿವಾಣಖಾನೆಯಲ್ಲಿ ಮಂಚಗಳು ಬಿದ್ದವು. ಹೆರಿಗೆ ಮಾಡಿಸಲು ಬೆಟಗೇರಿಯಿಂದ ನರ್ಸ್ ಸಲೋಮಿಬಾಯಿ ಬಂದರು. ಹೆರಿಗೆಗೆ ಮೊದಲು ಬಂದವಳು ನೇಕಾರರ ಮನೆಯ ಹೆಣ್ಣುಮಗಳು. ಕಂಡಕಂಡವರ ಹೆರಿಗೆ ದೊಡ್ಡವರ ಮನೆಯಲ್ಲೇನು ಎಂದು ಓಣಿಯಲ್ಲಿ ಗುಸುಗುಸು ಎದ್ದಿತು. ನೀಲಗಂಗವ್ವ ವಾದಕ್ಕೆ ಹೋಗಲಿಲ್ಲ. ದಿನ ತುಂಬಿದ್ದ ಸ್ವಂತ ಸೊಸೆಯನ್ನು ಕರೆತಂದು ಅವಳ ಪಕ್ಕದ ಮಂಚದಲ್ಲೇ ಮಲಗಿಸಿದರು. ಗುಸುಗುಸು ಅಡಗಿತು. ಅಲ್ಲಿಂದ ಮುಂದೆ ನನ್ನ ಬಣ್ಣದ ಗಾಜಿನ ಕೆಂಪು, ಹಸಿರು ಬೆಳಕು ಅದೆಷ್ಟೋ ಎಳೆಯ ಮುಖಗಳ ಮೇಲೆ ಬಿದ್ದಿತು. ಅಂದಾನೆಪ್ಪನವರ ವಾಡೆ ಎನ್ನುವುದನ್ನು ಬಿಟ್ಟು ಊರವರು ನನ್ನನ್ನು ಹೆರಿಗೆ ವಾಡೆ ಎಂದರು.

ಕಾಲ ಸರಿಯಿತು. ದೊಡ್ಡ ಆಸ್ಪತ್ರೆಗಳು ಬಂದವು, ನನ್ನ ಮಂಚಗಳು ಖಾಲಿಯಾದವು. ಅಂದಾನೆಪ್ಪನವರ ಮರಿಮಗ ಈರಸಂಗಪ್ಪನಿಗೆ ನನ್ನನ್ನು ಕೆಡವಿ ಮಳಿಗೆ ಕಟ್ಟಿಸುವ ಮನಸ್ಸಾಯಿತು. ಪಾರಂಪರಿಕ ಕಟ್ಟಡಗಳ ಅಧಿಕಾರಿ ಸುಮೇಧಾ ಬಂದು ನನ್ನನ್ನು ಮುಟ್ಟಿ ಮುಟ್ಟಿ ನೋಡಿದರು.

"ಮುಂಭಾಗ ಅಪರೂಪದ್ದು, ಮುಟ್ಟುವ ಹಾಗಿಲ್ಲ," ಎಂದರು. "ಹಿಂದಿನದರಲ್ಲಿ ವಿಶೇಷವೇನಿಲ್ಲ. ಬೇಕಾದರೆ ತೆಗೆಯಿರಿ."

ಈರಸಂಗಪ್ಪನ ಮುಖ ಅರಳಿತು; ಹಿಂದೆ ಮಳಿಗೆ ಎಬ್ಬಿಸಲು ಅಷ್ಟು ಜಾಗ ಸಾಕಿತ್ತು. ಆದರೆ ಅವನ ಸೋದರತ್ತೆ ಗೌರಕ್ಕ ಅಡ್ಡ ಬಂದರು. ಇಲ್ಲಿಯ ಕೊನೆಯ ವರ್ಷಗಳಲ್ಲಿ ಬಾಣಂತಿಯರನ್ನು ನೋಡಿಕೊಂಡವರು ಅವರೇ. ಇಬ್ಬರನ್ನೂ ಕತ್ತಲ ಖೋಲಿಯೊಳಗೆ ಕರೆದು ಬಾಗಿಲು ಮುಚ್ಚಿದರು. ಆ ಕತ್ತಲಲ್ಲೇ ನಿಂತು ಗಿರಿಜವ್ವನ ಕಥೆಯನ್ನು ಹೇಳಿ ಮುಗಿಸಿದರು.

"ಇದನ್ನ ಕೆಡವಿದ್ರ, ಮುಂದಿಂದು ಬರೇ ಚಂದನ್ನ ಮನಿ ಆಗತೈತಿ," ಎಂದರು. "ಇದನ್ನ ನೋಡಿದವರಿಗಷ್ಟ ಅದು ಏನಂತ ತಿಳೀತೈತಿ."

ಹೊರಗೆ ಬಂದ ಸುಮೇಧಾ ಬೆಳಕಿಗೆ ಕಣ್ಣು ಕಿರಿದಾಗಿಸಿದರು. "ನಾನು ಅವಸರ ಮಾಡಿದೆ," ಎಂದು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಈರಸಂಗಪ್ಪ ಖೋಲಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟ.

"ಮಳಗಿ ಬ್ಯಾರೆ ಕಡೆ ಕಟ್ಟಿದ್ರಾತು, ಅತ್ತಿ."

ಈಗ ನಾನು ಇಡಿಯಾಗಿ ಉಳಿದಿದ್ದೇನೆ. ಸುಣ್ಣ ಅಲ್ಲಲ್ಲಿ ಉದುರುತ್ತದೆ, ತೊಲೆಗಳು ಬೇಸಿಗೆಯಲ್ಲಿ ಕಿರುಗುಟ್ಟುತ್ತವೆ. ನೋಡಲು ಬರುವವರು ಮೊದಲು ಕಂಬಗಳ ಚಿತ್ರ ತೆಗೆಯುತ್ತಾರೆ. ತೆಗೆಯಲಿ, ಅವು ಅಷ್ಟು ಚೆಂದವಾಗಿವೆ. ಆದರೆ ಮೊನ್ನೆ ಬಂದ ಮುದುಕನೊಬ್ಬ ಅವುಗಳತ್ತ ನೋಡಲಿಲ್ಲ. ಚಪ್ಪಲಿ ಬಿಟ್ಟು ನೆಟ್ಟಗೆ ದಿವಾಣಖಾನೆಗೆ ಬಂದು, ಗೋಡೆಯ ಮೇಲೆ ಅಂಗೈ ಊರಿ, ಜೊತೆಗಿದ್ದ ಮೊಮ್ಮಗಳಿಗೆ ಹೇಳಿದ:

"ನಾ ಮೊದಲ ಅತ್ತದ್ದು ಇಲ್ಲೇ ನೋಡವ್ವ."

ನನ್ನ ಬೆಲೆ ಏನೆಂದು ಇನ್ನು ಯಾರೂ ನನಗೆ ತಿಳಿಸಬೇಕಾಗಿಲ್ಲ.